ದೇವದುರ್ಗದಿಂದ ಬಂದ ಗಂಟು

ನಮ್ಮ ಕಡೆಯ ಡಾಕ್ಟರರ ಲೆಕ್ಕದಲ್ಲಿ ಮನುಷ್ಯನ ಮೈಯಲ್ಲಿ ಏಳುವ ಗಂಟುಗಳಿಗೆ ಎರಡೇ ಜಾತಿ. ಮೊದಲನೆಯದು ಟಿಬಿ. ಟಿಬಿ ಅಲ್ಲ ಎಂದಾದರೆ ಕ್ಯಾನ್ಸರ್. ಮೂರನೆಯದೊಂದು ಇರಬಹುದು, ದುಗ್ಧರಸ ಗ್ರಂಥಿಯೊಳಗೆ ಯಾರ ತಂಟೆಗೂ ಹೋಗದ ಅಪರೂಪದ ಬಡಪಾಯಿ ಗಡ್ಡೆಯೊಂದು ತನ್ನ ಪಾಡಿಗೆ ತಾನು ಬೆಳೆದು ಕೂತಿರಬಹುದು ಎಂಬ ವಿಚಾರ ಅವರ ತಲೆಗೆ ಹೋಗುವುದಿಲ್ಲ. ಹೋಗಬೇಕಾದರೆ ಪರೀಕ್ಷೆ ಪಾಸಾದ ಮೇಲೆ ಒಂದು ಸಲವಾದರೂ ಪುಸ್ತಕ ತೆರೆದಿರಬೇಕಲ್ಲ!

ನಾನು ಮಹತಿ. ರಾಯಚೂರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಲ್ಯಾಬ್ ನಡೆಸುತ್ತಿದ್ದೇನೆ. ರೋಗಿಯ ಮೈಯಿಂದ ಕತ್ತರಿಸಿದ ತುಣುಕು ನನ್ನ ಬಳಿ ಬರುತ್ತದೆ. ಅದನ್ನು ಮೇಣದಲ್ಲಿ ಕೂರಿಸಿ, ತೆಳ್ಳಗೆ ಹೆರೆದು, ಗಾಜಿನ ಮೇಲಿಟ್ಟು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಇಂಥದ್ದು ಎಂದು ಬರೆದುಕೊಡುವುದು ನನ್ನ ಕೆಲಸ. ರೋಗಿಗಳ ಮುಖ ನಾನು ನೋಡುವುದಿಲ್ಲ. ನೋಡುವ ಅಗತ್ಯವಿಲ್ಲ ಎಂದು ಎಲ್ಲರೆದುರೂ ಹೇಳಿಕೊಂಡು ಬಂದವಳು ನಾನು. ಮುಖ ಸುಳ್ಳು ಹೇಳೀತು, ಗಾಜು ಹೇಳುವುದಿಲ್ಲ ಎಂದು ಕಿರಿಯ ಡಾಕ್ಟರುಗಳಿಗೆ ಭಾಷಣವನ್ನೂ ಬಿಗಿದಿದ್ದೇನೆ.

ಈ ಕತೆ ಒಂದು ಕೂಸಿನದು. ತಾಯಿಯ ಹೊಟ್ಟೆಯಲ್ಲಿ ಐದನೇ ತಿಂಗಳಿಗೆ ಕಾಲಿಟ್ಟಿದ್ದ ಆ ಕೂಸನ್ನು ನಾನು ಬರೆದ ಒಂದು ಸಾಲು ನೋಡಿ ತೆಗೆಸಿಹಾಕಲು ದಿನ, ಹೊತ್ತು ಎರಡೂ ಗೊತ್ತುಮಾಡಿದ್ದರು.

ಮೊದಲು ನಮ್ಮಲ್ಲಿಗೆ ಈ ತುಣುಕುಗಳು ಹೇಗೆ ಬರುತ್ತವೆ ಎಂಬುದನ್ನು ಹೇಳಬೇಕು. ಪ್ರತಿ ಆಸ್ಪತ್ರೆಗೂ ನಾನು ಫಾರ್ಮು ಅಚ್ಚು ಹಾಕಿಸಿ ಕಳಿಸಿದ್ದೇನೆ. ಹನ್ನೆರಡು ಖಾನೆಗಳಿವೆ. ರೋಗಿಯ ವಯಸ್ಸೇನು, ಗಂಟು ಎಲ್ಲಿತ್ತು, ಎಷ್ಟು ದಿನದಿಂದ ಇತ್ತು, ಹೆಂಗಸಾದರೆ ಬಸುರಿಯೇ, ಎಲ್ಲಕ್ಕೂ ಜಾಗವಿದೆ. ಅವನ್ನು ತುಂಬಿ ಕಳಿಸಿದ ಪುಣ್ಯಾತ್ಮ ಇನ್ನೂ ಹುಟ್ಟಬೇಕು. ದೇವದುರ್ಗದ ಸರ್ಜನ್ ಬಸವಪ್ರಸಾದ ಈ ವಿಷಯದಲ್ಲಿ ಎಲ್ಲರಿಗಿಂತ ಒಂದು ಕೈ ಮೇಲು. ಔಷಧಿ ಕಂಪನಿಯವರು ಪುಕ್ಕಟೆ ಕೊಟ್ಟ ಚೀಟಿಯಲ್ಲಿ ‘ಗಂಟು. ಟಿಬಿ?’ ಎಂದು ಗೀಚಿ, ತುಣುಕನ್ನು ಕೈಗೆ ಸಿಕ್ಕ ಬಾಟಲಿಯಲ್ಲಿ ಹಾಕಿ, ರೋಗಿಯ ಮನೆಯವರ ಕೈಗೇ ಕೊಟ್ಟು ರಾಯಚೂರು ಬಸ್ಸು ಹತ್ತಿಸಿಬಿಡುತ್ತಾನೆ. ಈ ಗಂಟು ಬಂದದ್ದು ಜೇನುತುಪ್ಪದ ಬಾಟಲಿಯಲ್ಲಿ. ಜೇನಿನ ಲೇಬಲ್ ಕೂಡ ಕಿತ್ತಿರಲಿಲ್ಲ.

ಚೀಟಿಯಲ್ಲಿ ಇಲ್ಲದ್ದನ್ನು ಕೌಂಟರಿನಲ್ಲಿ ಕೇಳಿ ಬರೆದುಕೊಳ್ಳುವುದು ನಮ್ಮ ಚಂದ್ರಕಲಾಳ ಕೆಲಸ. ಕೌಂಟರಿನ ಮುಂದೆ ಯಾವಾಗಲೂ ಮೂವತ್ತು ಮಂದಿ, ತಲೆಯ ಮೇಲೆ ಕಟಕಟ ಎನ್ನುವ ಮೂರು ಫ್ಯಾನು. ಚಂದ್ರಕಲಾಳಿಗೆ ದೇವರು ಒಳ್ಳೆಯ ಗಂಟಲು ಕೊಟ್ಟಿದ್ದಾನೆ. ಆ ಬಾಟಲಿ ಬಂದ ಸೋಮವಾರ ಅವಳು ಕೂಗಿದ್ದು ಬಾಗಿಲು ಹಾಕಿಕೊಂಡು ಕೂತ ನನಗೂ ಕೇಳಿಸಿತು.

“ಎಲ್ಲಿಂದ ತಗದಾರ್ರೀ ಗಂಟು? ಜೋರ್ ಹೇಳ್ರಿ! ಬಾಯಾಗ ಏನರೆ ಇಟ್ಕೊಂಡೀರೇನು?”

ಉತ್ತರ ನನಗೆ ಕೇಳಿಸಲಿಲ್ಲ. ಹೆಸರು ನಾಹಿದ್, ವಯಸ್ಸು ಇಪ್ಪತ್ತೊಂಬತ್ತು, ಊರು ದೇವದುರ್ಗ, ಗಂಟು ಇದ್ದ ಜಾಗ ಬಲಗಡೆಯ ಬಗಲು ಎಂದು ಅವಳು ಟೈಪು ಮಾಡಿ ಕಳಿಸಿದಳು. ಬಗಲೆಂದರೆ ಕಂಕುಳು. ಬಸುರಿಯೇ ಎಂಬ ಖಾನೆ ಎಂದಿನಂತೆ ಖಾಲಿ.

ಗಾಜು ನನ್ನ ಮೇಜಿಗೆ ಬಂದದ್ದು ಗುರುವಾರ ಸಂಜೆ. ಅದಕ್ಕೆ ಅರ್ಧ ತಾಸು ಮುಂಚೆ ಬಸವಪ್ರಸಾದ ಬೇರೊಬ್ಬ ರೋಗಿಯ ವಿಷಯಕ್ಕೆ ಫೋನು ಮಾಡಿದ್ದ. “ಮೇಡಂ, ಟಿಬಿ ಅಂತ ಬರದುಬಿಟ್ಟಿದ್ರ ಮುಗೀತಿತ್ತಲ್ರೀ, ಸುಮ್ನ ಎರಡು ಪೇಜು ಯಾಕ ಬರೀತೀರಿ? ಯಾರು ಓದ್ತಾರ?” ಎಂದು ನಕ್ಕ. ಓದುವುದಿಲ್ಲ ಎಂಬುದನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಡಾಕ್ಟರು! ನನ್ನ ಮೈಯೆಲ್ಲ ಉರಿದುಹೋಯಿತು. ಆ ಉರಿಯಲ್ಲೇ ಮುಂದಿನ ಗಾಜು ಎತ್ತಿಕೊಂಡೆ. ನೋಡಿದರೆ ಅದೂ ಅವನದೇ.

ಗ್ರಂಥಿಯೊಳಗೆ ಉದ್ದುದ್ದ ಕಡ್ಡಿಯಂಥ ಜೀವಕೋಶಗಳು ಸಾಲುಗಟ್ಟಿ ನಿಂತಿದ್ದವು. ಗ್ರಂಥಿಯೊಳಗೆ ಅವು ಇರಬೇಕಾದವಲ್ಲ. ನಡುನಡುವೆ ರಕ್ತ ಸೋರಿತ್ತು, ಅಲ್ಲಲ್ಲಿ ಕಂದು ಪುಡಿ ಉದುರಿತ್ತು. ಕಂದು ಪುಡಿ ಎರಡು ಕಾರಣಕ್ಕೆ ಬರುತ್ತದೆ. ಹಳೆಯ ರಕ್ತ ಒಡೆದು ಉಳಿದ ಕಬ್ಬಿಣವಾದರೆ ಪಾಪದ್ದು. ಚರ್ಮದ ಕ್ಯಾನ್ಸರಿನಿಂದ ಬಂದ ಕಪ್ಪು ಬಣ್ಣದ ಕಣಗಳಾದರೆ ಅದಕ್ಕಿಂತ ಕೆಟ್ಟದ್ದಿಲ್ಲ. ಎರಡರಲ್ಲಿ ಯಾವುದೆಂದು ತಿಳಿಯಲು ಒಂದು ವಿಶೇಷ ಬಣ್ಣ ಹಾಕಬೇಕು. ಕಬ್ಬಿಣವಾಗಿದ್ದರೆ ನೀಲಿಯಾಗುತ್ತದೆ. ಮುಕ್ಕಾಲು ತಾಸಿನ ಕೆಲಸ. ಬಣ್ಣದ ಬಾಟಲಿ ನನ್ನ ಹಿಂದಿನ ಕಪಾಟಿನಲ್ಲೇ ಇತ್ತು.

ಬಣ್ಣ ಹಾಕಲಿಲ್ಲ. ಕಂಕುಳ ಗ್ರಂಥಿಗೆ ಇಂಥದ್ದು ಬಂದರೆ ತೋಳಿನ ಚರ್ಮದಿಂದ ಬಂದಿರಬೇಕು, ಇಲ್ಲವೇ ಎದೆಯಿಂದ. ಅಷ್ಟು ಸಾಕೆನಿಸಿತು. ಟಿಬಿಯಂತೆ ಟಿಬಿ, ನೋಡು ಮಗನೇ ನಿನ್ನ ಟಿಬಿ ಎಂದುಕೊಂಡೇ ಬರೆದೆ. ಕೊನೆಯ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದೆ: ಬೇರೆ ಕಡೆಯಿಂದ ಹರಡಿದ ಕ್ಯಾನ್ಸರ್, ಬಹುಶಃ ಚರ್ಮದ್ದು, ಬಲ ಎದೆ ಮತ್ತು ತೋಳನ್ನು ಪರೀಕ್ಷಿಸಿ ಮೂಲವನ್ನು ಹುಡುಕಬೇಕು. ವಿಶೇಷ ಬಣ್ಣಗಳ ಪರೀಕ್ಷೆ ಆಗಬೇಕೆಂಬುದನ್ನು ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಸೇರಿಸಿದೆ. ‘ಕಳಿಸಿದವರು ವಿವರ ಕೊಟ್ಟಿಲ್ಲ’ ಎಂದು ಚುಚ್ಚುವುದನ್ನೂ ಮರೆಯಲಿಲ್ಲ. ಶುಕ್ರವಾರ ಮುಂಜಾನೆ ರಿಪೋರ್ಟು ಹೋಯಿತು. ನಾನು ನಿಶ್ಚಿಂತೆಯಿಂದ ಊಟ ಮಾಡಿದೆ.

ಮರುವಾರದ ಸೋಮವಾರ ಮಧ್ಯಾಹ್ನ ಚಂದ್ರಕಲಾ ಒಳಗೆ ಬಂದು ನಿಂತಳು.

“ಮೇಡಂ, ಒಬ್ಬಾಕಿ ಬಂದು ಕುಂತಾಳ್ರೀ. ನಿಮ್ನ ನೋಡದ ಹೋಗಂಗಿಲ್ಲ ಅಂತಾಳ.”

“ನಾ ಪೇಶಂಟ್ ನೋಡಂಗಿಲ್ಲ ಅಂತ ಹೇಳು.”

“ನಾಕು ಸಲ ಹೇಳೀನ್ರೀ. ಕೇಳವಲ್ಲಳು.”

ಗದರಿಸಿ ಕಳಿಸೋಣವೆಂದೇ ಒಳಗೆ ಕರೆಸಿದೆ. ಬುರ್ಖಾ ಹಾಕಿಕೊಂಡ ಹೆಂಗಸು ಮುಖದ ಬಟ್ಟೆ ಸರಿಸಿ, ನಿಧಾನಕ್ಕೆ ಹೆಜ್ಜೆ ಇಟ್ಟು ಬಂದಳು. ಹಿಂದೆ ಇಪ್ಪತ್ತೈದರ ಒಬ್ಬ ಗಂಡಸು, ಅವಳ ತಮ್ಮನಂತೆ, ಹೆಸರು ಖಲೀಲ, ದೇವದುರ್ಗದಲ್ಲಿ ಬಟ್ಟೆ ಅಂಗಡಿ ಇದೆಯಂತೆ. ಬಾಟಲಿ ತಂದವನು ಅವನೇ. ಅವನನ್ನು ಬಾಗಿಲಾಚೆ ನಿಲ್ಲಿಸಿ ಅವಳೊಬ್ಬಳೇ ನನ್ನೆದುರು ಕೂತು, ರಿಪೋರ್ಟನ್ನು ಮೇಜಿನ ಮೇಲೆ ಬಿಡಿಸಿ ಇಟ್ಟಳು.

“ಮೇಡಂರೀ, ಇದು ನಂದಲ್ರೀ.”

“ನಿನ್ನ ಹೆಸರೇನವಾ?”

“ನಾಹಿದ್ ರೀ.”

“ಇದರ ಮ್ಯಾಲ ಏನದ? ನಾಹಿದ್, ದೇವದುರ್ಗ, ಇಪ್ಪತ್ತೊಂಬತ್ತು. ನಿಂದಲ್ಲದ ಮತ್ತ ಯಾರದ? ನಮ್ಮ ಲ್ಯಾಬಿನ್ಯಾಗ ಅದಲು ಬದಲು ಆಗಂಗಿಲ್ಲ, ತಿಳೀತೇನು?”

“ಹೆಸರು ನಂದ ಅದರೀ. ಗಂಟು ನಂದಲ್ಲ. ಬಲ ಬಗಲು ಅಂತ ಬರದೀರಿ. ಎದಿ ಪರೀಕ್ಷೆ ಮಾಡ್ಸು ಅಂತ ಬರದೀರಿ. ಈಗ ಎದಿ ಸ್ಕ್ಯಾನ್ ಮಾಡೋ ಕಡಿಂದನ ಬಂದೀನಿ. ಬಗಲಾಗ ಹೊಲಿಗಿ ಹಾಕಿದ್ದು ಎಲ್ಲಿ ಅದ ತೋರ್ಸು ಅಂದ್ರು ಅಲ್ಲಿ ಡಾಕ್ಟರಮ್ಮಾರು. ಇದ್ರ ತೋರ್ಸಬೇಕಲ್ರೀ?”

“ಹಂಗಾದ್ರ ಎಲ್ಲಿ ತಗದಾರ?”

ಅವಳು ತಿರುಗಿ ಬಾಗಿಲು ಮುಚ್ಚಿದೆಯೇ ಎಂದು ನೋಡಿದಳು. ಆಮೇಲೆ ಬುರ್ಖಾದ ಮೇಲಿನಿಂದಲೇ ಬಲ ತೊಡೆಯ ಬುಡಕ್ಕೆ ಕೈ ಇಟ್ಟಳು.

“ತೊಡಿ ಸಂದಿನ್ಯಾಗ ರೀ.”

ಬಗಲು ಎಂದು ನಂಬಿ ಬರೆದದ್ದೆಲ್ಲ ತಲೆಕೆಳಗಾಯಿತು. ಆದರೆ ಅಭ್ಯಾಸ ಬಿಡುತ್ತದೆಯೇ? ಮೊದಲು ಬಂದದ್ದು ಸಿಟ್ಟೇ. ಖಲೀಲನನ್ನು ಒಳಗೆ ಕರೆದು, ಬಗಲು ಎಂದು ಹೇಳಿದವನು ನೀನೇ ಏನೋ, ಬುದ್ಧಿ ಎಲ್ಲಿಟ್ಟಿದ್ದೆ ಎಂದು ಹೊರಗಿನವರಿಗೆಲ್ಲ ಕೇಳುವಂತೆ ಝಾಡಿಸಿದೆ. ಅವನು ನೆಲ ನೋಡುತ್ತ ನಿಂತ.

“ಮೇಡಂರೀ, ನನ್ನ ಹಿಂದ ನಮ್ಮ ಓಣಿ ಶಿವರಾಜಣ್ಣ ನಿಂತಿದ್ದರೀ. ಅವನ ಹಿಂದ ಇನ್ನೂ ಹತ್ತು ಮಂದಿ. ಜೋರ್ ಹೇಳು, ಜೋರ್ ಹೇಳು ಅಂತಾರ ಇವ್ರು. ಅಷ್ಟು ಮಂದ್ಯಾಗ ನಮ್ಮ ಆಪಾನ, ಸ್ವಂತ ಅಕ್ಕನ, ತೊಡಿ ಹೆಸರು ಹೆಂಗ ತಗೊಳ್ಲಿ? ಗಂಟಂತೂ ಬಾಟ್ಲ್ಯಾಗ ಅದ, ದೊಡ್ಡ ಡಾಕ್ಟರು ನೋಡ್ತಾರ, ಬಗಲು ಅಂದ್ರ ಏನಾತು ಅಂತ ತಿಳ್ದೆರೀ.”

“ಏನಾತು ಅಂತ ಕೇಳ್ತೀಯಲ್ಲ! ನಿಮ್ಮ ಸರ್ಜನ್ ರಿಪೋರ್ಟ್ ಓದಲಿಲ್ಲೇನು? ಕೊಯ್ದಾವ ಅವನ. ಬಗಲು ಅಂತ ದೊಡ್ಡದಾಗಿ ಬರದದಲ್ಲ ಮ್ಯಾಲ?”

“ಅವ್ರು ಕೆಳಗಿನ ದಪ್ಪ ಅಕ್ಷರ ಅಷ್ಟ ಓದಿದ್ರರೀ,” ಎಂದಳು ನಾಹಿದ್. “ನಾನು ಶಾಲ್ಯಾಗ ಟೀಚರ್ ಇದ್ದೀನಿ. ನಿನ್ನಿ ಕುಂತು ಮ್ಯಾಲಿಂದ ಕೆಳಗಿನ ತನ ಓದಿದೆ. ನಾಳೆ ಮುಂಜಾನಿ ಹತ್ತಕ್ಕ ದೇವದುರ್ಗದಾಗ ಕೂಸು ತಗೀತಾರರೀ. ಅದಕ್ಕ ಓದಿದೆ.”

ಬಸುರಿ ಎಂಬುದು ನನಗೆ ಗೊತ್ತಾದದ್ದು ಆಗಲೇ. ಮದುವೆಯಾಗಿ ಆರು ವರ್ಷಕ್ಕೆ ನಿಂತ ಕೂಸು. ದೇವದುರ್ಗದ ತವರಿಗೆ ಬಂದಾಗ ಗಂಟು ದೊಡ್ಡದಾಗಿದೆ ಎಂದು ಅಲ್ಲೇ ತೆಗೆಸಿದ್ದಾರೆ. ಈ ಕ್ಯಾನ್ಸರ್ ಕೂಸಿಗೂ ಹರಡೀತು, ಕೂಸು ಇದ್ದರೆ ತಾಯಿಗೆ ಔಷಧಿ ಕೊಡಲಾಗದು, ಮೊದಲು ತೆಗೆಸಿ ಎಂದಿದ್ದಾನೆ ಬಸವಪ್ರಸಾದ. ಒಪ್ಪಿಗೆಯ ಕಾಗದಕ್ಕೆ ಅವಳ ಸಹಿಯನ್ನೂ ಹಾಕಿಸಿಕೊಂಡಿದ್ದಾನೆ. ನೀನು ಯಾಕೆ ಸಹಿ ಮಾಡಿದೆ ಎಂದು ನಾನು ಅವಳ ಮೇಲೂ ಏರಿಹೋದೆ.

“ಬದುಕಬೇಕಂದ್ರ ಮಾಡು ಅಂದ್ರುರೀ. ಬದುಕೋದು ಬ್ಯಾಡ ಅಂತ ಯಾರು ಅಂತಾರ?”

ಅವರಿಬ್ಬರನ್ನೂ ಹೊರಗೆ ಕೂರಿಸಿ ಗಾಜನ್ನು ಮತ್ತೆ ತೆಗೆದೆ. ತೊಡೆಸಂದು ಎಂಬ ಒಂದು ಮಾತು ಕಿವಿಗೆ ಬಿದ್ದ ಮೇಲೆ ಅದೇ ಗಾಜು ಬೇರೆಯೇ ಮಾತಾಡಿತು ಎಂದು ಹೇಳಿದರೆ ನನಗೆ ಅನುಕೂಲ. ಆದರೆ ಅದು ನಿಜವಲ್ಲ. ಗಾಜು ಗುರುವಾರವೂ ಅದನ್ನೇ ಹೇಳುತ್ತಿತ್ತು. ಕಡ್ಡಿಗಳ ನಡುವೆ ನಕ್ಷತ್ರದ ಆಕಾರದ ಗುಲಾಬಿ ನಾರಿನ ಉಂಡೆಗಳಿದ್ದವು, ಅವನ್ನು ಕಂಡೂ ದಾಟಿಕೊಂಡು ಹೋಗಿದ್ದೆ. ಜೀವಕೋಶಗಳು ಒಂದೂ ಅವಸರದಲ್ಲಿರಲಿಲ್ಲ. ಎಲ್ಲೆಂದರಲ್ಲಿ ಒಡೆದು ಎರಡಾಗುವ ಕ್ಯಾನ್ಸರಿನ ಚಾಳಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಸುತ್ತ ಗ್ರಂಥಿಯ ಅಂಚು ತೆಳುವಾಗಿ, ಅಖಂಡವಾಗಿ ಉಳಿದಿತ್ತು. ನೀಲಿ ಬಣ್ಣದ ಪರೀಕ್ಷೆಯನ್ನು ನನ್ನ ಕೈಯಾರೆ ಹಾಕಿದೆ. ಮುಕ್ಕಾಲು ತಾಸಿಗೆ ಕಂದು ಪುಡಿಯೆಲ್ಲ ಸ್ವಚ್ಛ ನೀಲಿ. ಬರೀ ಹಳೆಯ ರಕ್ತದ ಕಬ್ಬಿಣ.

ಗ್ರಂಥಿಯೊಳಗಿನ ಸ್ನಾಯುನಾರಿನ ಒಂದು ಗಡ್ಡೆ ಅದು. ಉದ್ದನೆಯ ಹೆಸರಿದೆ, ಬೇಡ. ಪ್ರಪಂಚದಲ್ಲೇ ಅಪರೂಪ, ಬಂದರೆ ಹೆಚ್ಚುಕಡಿಮೆ ಯಾವಾಗಲೂ ತೊಡೆಸಂದಿನಲ್ಲೇ. ಹರಡುವುದಿಲ್ಲ, ಕೊಲ್ಲುವುದಿಲ್ಲ. ತೆಗೆದರೆ ಮುಗಿಯಿತು. ಆಗಲೇ ತೆಗೆದೂ ಆಗಿತ್ತು. ಜಿಲ್ಲೆಯ ಡಾಕ್ಟರುಗಳಿಗೆ ಮೂರನೇ ಜಾತಿಯ ಗಂಟು ಗೊತ್ತಿಲ್ಲವೆಂದು ಆಡಿಕೊಳ್ಳುತ್ತಿದ್ದವಳು ಅದು ಎದುರಿಗೆ ಬಂದು ಕೂತಾಗ ಗುರುತು ಹಿಡಿದಿರಲಿಲ್ಲ. ಫೋಟೋಗಳನ್ನು ಹೈದರಾಬಾದಿನ ನನ್ನ ಗುರುಗಳಿಗೆ ಕಳಿಸಿದೆ. ‘ನೀನು ಹೇಳಿದ್ದೇ ಸರಿ, ಮತ್ತೇನೂ ಅಲ್ಲ. ಮೊದಲು ಹೇಗೆ ತಪ್ಪಿದೆ?’ ಎಂದು ಉತ್ತರ ಬಂತು. ಪೂರಾ ಖಾತ್ರಿಯ ಪರೀಕ್ಷೆಯ ಫಲಿತಾಂಶ ಅಲ್ಲಿಂದ ಬರಲು ಹತ್ತು ದಿನ ಬೇಕಿತ್ತು.

ಬಸವಪ್ರಸಾದನಿಗೆ ಫೋನು ಹಚ್ಚಿದೆ.

“ಡಾಕ್ಟರ್, ನಾಹಿದ್‌ದು ಕ್ಯಾನ್ಸರ್ ಅಲ್ಲ. ನಾಳೆದು ರದ್ದು ಮಾಡ್ರಿ.”

“ಅಯ್ಯ ಮೇಡಂ, ನೀವ ಬರದೀರಿ, ಈಗ ನೀವ ಅಲ್ಲ ಅಂತೀರಿ! ನಾ ಮನಿಯವ್ರಿಗೆ ಏನಂತ ಹೇಳ್ಲಿ? ಅಲ್ಲ ಅಂತ ನೂರಕ್ಕ ನೂರು ಹೇಳ್ತೀರೇನು?”

“ಹೈದರಾಬಾದಿಂದ ಹತ್ತು ದಿನಕ್ಕ ಬರ್ತದ.”

“ಅಂದ್ರ ಇನ್ನೂ ಗೊತ್ತಿಲ್ಲ. ಹತ್ತು ದಿನ ತಡ ಆತಂದ್ರ ಆಕಿಗೆ ತ್ರಾಸು ಜಾಸ್ತಿ. ಆಕಿ ಮಾವ ಮಾನ್ವ್ಯಾಗ ಇದ್ದಾನ, ಜಿಲಾನಿ ಪಾಷಾ ಅಂತ. ದುಡ್ಡು, ದಿನ ಎಲ್ಲಾ ಅವನ ಗೊತ್ತು ಮಾಡ್ಯಾನ. ಅವನ ಕೂಡ ಮಾತಾಡ್ರಿ, ನಂದೇನೂ ಇಲ್ಲ.”

ತಪ್ಪನ್ನು ಹಂಚುವಾಗ ‘ನಂದೇನೂ ಇಲ್ಲ’ ಎನ್ನುವ ಮಂದಿಯನ್ನು ಕಂಡರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ. ಜಿಲಾನಿ ಪಾಷಾನಿಗೆ ಫೋನು ಮಾಡಿದೆ. “ಫೋನಿನ್ಯಾಗ ಒಂದು, ಕಾಗದದಾಗ ಒಂದು ಆದ್ರ ಹೆಂಗಮ್ಮಾ?” ಎಂದು ಇಟ್ಟುಬಿಟ್ಟ. ಹೊರಗೆ ಬಂದು ನಾಹಿದಳಿಗೆ, ಇದು ಕ್ಯಾನ್ಸರ್ ಅಲ್ಲ, ನಾಳೆ ಹೋಗಬೇಡ, ನೀನು ಬೇಡ ಎಂದರೆ ಯಾರೂ ನಿನ್ನನ್ನು ಮುಟ್ಟುವ ಹಾಗಿಲ್ಲ ಎಂದೆ. ಅವಳು ಖುಷಿಯಿಂದ ಅತ್ತಾಳು, ನನ್ನ ಕೈ ಹಿಡಿದಾಳು ಎಂದುಕೊಂಡಿದ್ದೆ. ಅವಳು ಶುಕ್ರವಾರದ ರಿಪೋರ್ಟನ್ನು ನನ್ನ ಮುಂದೆ ಹಿಡಿದಳು.

“ಶುಕ್ರವಾರ ನೀವು ಹೇಳಿದ್ದು ನಂಬಿ ಸಹಿ ಮಾಡೀನ್ರೀ. ಇವತ್ತು ಹೇಳಿದ್ದು ನಂಬಿ ಈ ಕಾಗದ ಹರೀಲೇನು? ನಾಳೆ ಮತ್ತೊಂದು ಹೇಳಿದ್ರ?”

ಅವಳ ಮಾವನೆದುರೇ ಹೇಳಬೇಕೆಂದುಕೊಂಡೆ. ಕಾರು ತೆಗೆದೆ. ಇಬ್ಬರನ್ನೂ ಹಿಂದೆ ಕೂರಿಸಿಕೊಂಡು ಮಾನ್ವಿಗೆ ಹೊರಟೆ. ನಾನು ಮನಸ್ಸಿನಲ್ಲೇ ಆ ಮಾವನಿಗೆ ಬೈಗುಳ ಜೋಡಿಸಿಕೊಳ್ಳುತ್ತಿದ್ದೆ. ಸೊಸೆಯ ಹೊಟ್ಟೆಯ ಮೇಲೆ ದರ್ಬಾರು ನಡೆಸುವ ಮುದುಕ! ನಿನಗೇನು ಅಧಿಕಾರ, ಕಾನೂನು ಗೊತ್ತೇ, ಪೊಲೀಸರನ್ನು ಕರೆಸಲೇ, ಹೀಗೆ ಒಂದರ ಮೇಲೊಂದು ಸಿದ್ಧವಾಗಿದ್ದವು. ಗದ್ದೆಯ ನೀರಿನಲ್ಲಿ ಸಂಜೆಯ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು.

ಮಾನ್ವಿಯ ಬಸ್ ಸ್ಟ್ಯಾಂಡಿನ ಹಿಂದೆ ಅಕ್ಕಿ ಅಂಗಡಿ, ಅಂಗಡಿಗೆ ಹೊಂದಿಕೊಂಡೇ ಮನೆ. ಜಿಲಾನಿ ಪಾಷಾ ಎಪ್ಪತ್ತರ ಮನುಷ್ಯ. ಬಿಳಿ ಟೋಪಿ, ಜುಬ್ಬಾದ ತೋಳಿಗೆಲ್ಲ ಅಕ್ಕಿಯ ಧೂಳು. “ಬರ್ರಿ ಡಾಕ್ಟರಮ್ಮಾರ, ಕೂಡ್ರಿ,” ಎಂದು ತಾನೇ ಕುರ್ಚಿ ಒರೆಸಿ ಕೊಟ್ಟ, ಚಹಾಕ್ಕೆ ಹೇಳಿದ. ನಾಹಿದಳ ಗಂಡ ಜಹೀರ್ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ, ಕಣ್ಣು ಕೆಂಪಾಗಿದ್ದವು. ನಾನು ಅಧಿಕಾರ, ಕಾನೂನು ಎಂದು ಶುರುಮಾಡುವ ಮೊದಲೇ ಮುದುಕ ಮಾತಾಡಿದ.

“ಡಾಕ್ಟರಮ್ಮಾರ, ಕೂಸು ಹೋದ್ರ ಅಲ್ಲಾ ಇನ್ನೊಂದು ಕೊಡ್ತಾನ. ಈ ಹುಡುಗಿ ಹೋದ್ರ ನಾ ಎಲ್ಲಿಂದ ತರ್ಲಿ? ನಮ್ಮಾಕಿ ತೀರ್ಕೊಂಡ ಮ್ಯಾಲ ಈ ಮನಿ ಹಿಡ್ದು ನಿಂತಾಕಿ ಇಕಿನ. ಮೊಮ್ಮಗನ ಮಾರಿ ನೋಡೋ ಆಸಿ ನನಗಿಲ್ಲೇನು? ಅದ. ಆದ್ರ ಇಕಿನ ಕೊಟ್ಟು ಅದನ್ನ ತಗೊಳಾಕ ನಾ ತಯಾರಿಲ್ಲ.”

ಕಟ್ಟಿಕೊಂಡು ಬಂದ ಬೈಗುಳವೆಲ್ಲ ಗಂಟಲಲ್ಲೇ ಉಳಿಯಿತು. ನಾಹಿದ್ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು. ನಾನು ಗಡ್ಡೆಯ ವಿಷಯ ಹೇಳಿದೆ. ತೊಡೆಸಂದಿನಲ್ಲಿ ಬರುವಂಥದ್ದು, ಕೆಟ್ಟದ್ದಲ್ಲ, ಕೌಂಟರಿನಲ್ಲಿ ಜಾಗ ತಪ್ಪು ಹೇಳಿದ್ದರಿಂದ ಹೀಗಾಯಿತು ಎಂದೆ. ಎಲ್ಲರ ಕಣ್ಣೂ ಖಲೀಲನ ಮೇಲೆ ಹೋದವು. ಅವನು ಅಲ್ಲೇ ನೆಲದಲ್ಲಿ ಇಳಿದುಹೋಗುತ್ತಾನೇನೋ ಎನಿಸಿತು. ಜಹೀರ್ ಒಂದು ಹೆಜ್ಜೆ ಮುಂದೆ ಬಂದ. ಮುದುಕ ಕೈ ಎತ್ತಿ ಅವನನ್ನು ತಡೆದ.

“ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಾ ಐವತ್ತು ವರ್ಷದಿಂದ ಅಕ್ಕಿ ನೋಡಾಕತ್ತೀನಿ. ಚೀಲದ ಮ್ಯಾಲ ಯಾವನರೆ ಏನರೆ ಬರ್ದಿರ್ಲಿ, ನಾ ಕೈಯಾಗ ನಾಕು ಕಾಳು ಹಿಡ್ದು ನೋಡಿ ಹೇಳ್ತೀನಿ ಇದು ಇಂಥದ್ದು ಅಂತ. ಗಂಟು ನಿಮ್ಮ ಕೈಯಾಗ ಇತ್ತು. ಈ ಹುಡುಗ ಬಗಲು ಅನ್ಲಿ, ಬೆನ್ನು ಅನ್ಲಿ, ಒಳಗಿಂದು ಬದಲಾಗ್ತದೇನು?”

ಇಪ್ಪತ್ತೆರಡು ವರ್ಷ ನಾನು ಊರಿಗೆಲ್ಲ ಹೇಳುತ್ತ ಬಂದ ಮಾತು ಅದೇ. ಅಕ್ಕಿ ವ್ಯಾಪಾರಿಯೊಬ್ಬ ಅದನ್ನು ನನ್ನ ಮುಖಕ್ಕೇ ಹಿಡಿದ. ಚೀಟಿಯನ್ನು ದೂರಬಹುದಿತ್ತು. ಜಾಗ ತಿಳಿಯುವುದು ನಮ್ಮ ಕೆಲಸದಲ್ಲಿ ಎಷ್ಟು ಮುಖ್ಯ ಎಂದು ಅರ್ಧ ತಾಸು ಕೊರೆಯಬಹುದಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ನಾನು ನೆಪ ಹೇಳಿದಷ್ಟೂ ಇವರ ಕಣ್ಣಿಗೆ ಶುಕ್ರವಾರದ ಕಾಗದವೇ ಗಟ್ಟಿಯಾಗಿ, ಇವತ್ತಿನ ಮಾತೇ ಪೊಳ್ಳಾಗಿ ಕಾಣುತ್ತದೆ ಎಂಬುದು ಕಣ್ಣೆದುರೇ ತಿಳಿಯುತ್ತಿತ್ತು. ನಾಳೆ ಹತ್ತು ಗಂಟೆಗೆ ಇನ್ನು ಒಂದು ರಾತ್ರಿ ಅಷ್ಟೇ ಉಳಿದಿತ್ತು.

“ಬದಲಾಗಂಗಿಲ್ಲ,” ಎಂದೆ. “ನಾ ತಪ್ಪು ಮಾಡೀನಿ.”

“ಏನಂದ್ರಿ? ನನಗ ಕಿವಿ ಸ್ವಲ್ಪ ದೂರ.”

“ತಪ್ಪು ಹುಡುಗಂದಲ್ಲ, ನಂದು!” ಎಂದು ಕೂಗಿದೆ. ಅಂಗಡಿಯಲ್ಲಿ ಅಕ್ಕಿ ಅಳೆಸುತ್ತಿದ್ದವರು ತಿರುಗಿ ನೋಡಿದರು. “ಇನ್ನೊಂದು ಬಣ್ಣ ಹಾಕಿ ನೋಡಬೇಕಿತ್ತು. ಮುಕ್ಕಾಲು ತಾಸಿನ ಕೆಲಸ. ಮಾಡಲಿಲ್ಲ. ನಿಮ್ಮ ದೇವದುರ್ಗದ ಡಾಕ್ಟರ ಮ್ಯಾಲ ಸಿಟ್ಟಿತ್ತು. ಅವನಿಗೆ ಬುದ್ಧಿ ಕಲಸ್ಬೇಕು ಅಂತ ದಪ್ಪ ಅಕ್ಷರದಾಗ ಬರದೆ. ಗಾಜಿನ್ಯಾಗ ಅದು ಕ್ಯಾನ್ಸರ್ ಅಲ್ಲ ಅಂತ ಅವತ್ತೂ ಇತ್ತು. ನಾ ನೋಡಲಿಲ್ಲ. ಇವತ್ತು ನೋಡೀನಿ.”

ನಾಚಿಕೆ ಎಂಬುದು ಇಷ್ಟು ಬಿಸಿಯಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಮಾತಾಡಿದ್ದು ನಾಹಿದ್, ಕಣ್ಣು ತೆರೆದು.

“ಈಗ ಹೇಳಿದ್ರಲ್ಲ ಮೇಡಂರೀ, ಹಂಗ ಬರ್ದು ಕೊಡ್ರಿ. ಖಲೀಲನ ಹೆಸರು ಬರೀಬ್ಯಾಡ್ರಿ.”

ಅಂಗಡಿಯ ಮೇಜಿನ ಮೇಲೆ, ಅಕ್ಕಿಕಾಳು ಸರಿಸಿ, ಅಂಗಡಿಯ ಪ್ಯಾಡಿನಲ್ಲೇ ಬರೆದೆ. ಶುಕ್ರವಾರದ ನನ್ನ ರಿಪೋರ್ಟು ತಪ್ಪು. ಮಾಡಲೇಬೇಕಾದ ಪರೀಕ್ಷೆಯನ್ನು ನಾನು ಮಾಡದೆ ಬಿಟ್ಟಿದ್ದೆ. ಇದು ಕ್ಯಾನ್ಸರ್ ಅಲ್ಲವೆಂದು ಈಗ ಎರಡು ಸಲ ನೋಡಿ, ನನ್ನ ಗುರುಗಳಿಗೂ ತೋರಿಸಿ ಹೇಳುತ್ತಿದ್ದೇನೆ. ಹೈದರಾಬಾದಿನ ಉತ್ತರ ಬರುವ ತನಕ ಏನನ್ನೂ ತೆಗೆಯಬಾರದು. ಕನ್ನಡದಲ್ಲೇ ಬರೆದೆ, ಒಂದೇ ಅಳತೆಯ ಅಕ್ಷರದಲ್ಲಿ. ಸಹಿ ಹಾಕಿದೆ. ಇಷ್ಟು ವರ್ಷದಲ್ಲಿ ಬರೆದ ಸಾವಿರಾರು ರಿಪೋರ್ಟುಗಳಲ್ಲಿ ‘ನಾನು’ ಎಂಬ ಪದ ಬಂದದ್ದು ಇದರಲ್ಲಿ ಮಾತ್ರ.

ಜಿಲಾನಿ ಪಾಷಾ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. ಕಾಗದವನ್ನು ಸೊಸೆಯ ಕೈಗೆ ಕೊಟ್ಟು, “ನೋಡವಾ, ನೀ ಹೆಂಗಂತೀ ಹಂಗ,” ಎಂದ.

ಅವಳೂ ಮೇಲಿನಿಂದ ಕೆಳಗಿನ ತನಕ ಓದಿದಳು. ಆಮೇಲೆ ಬಸವಪ್ರಸಾದನಿಗೆ ತಾನೇ ಫೋನು ಹಚ್ಚಿ, “ಸರ್, ನಾ ನಾಳೆ ಬರಂಗಿಲ್ಲ,” ಎಂದಳು. ಅವನು ಏನೋ ಉದ್ದಕ್ಕೆ ಹೇಳುತ್ತಿದ್ದ. “ಬರಂಗಿಲ್ರೀ,” ಎಂದು ಇನ್ನೊಮ್ಮೆ ಹೇಳಿ ಇಟ್ಟಳು. ಜಹೀರ್ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು ಮುಖ ಮುಚ್ಚಿಕೊಂಡು ಅತ್ತ. ಮುದುಕ ಏನನ್ನೋ ಬಾಯಲ್ಲಿ ಹೇಳಿಕೊಳ್ಳುತ್ತ ಎರಡೂ ಕೈ ಮುಖದ ಮೇಲೆ ಎಳೆದುಕೊಂಡ.

ನನ್ನ ಎದೆಯೂ ಹಗುರಾಯಿತು. ನಿಜ ಹೇಳಬೇಕೆಂದರೆ ಸ್ವಲ್ಪ ಹೆಮ್ಮೆಯೂ ಆಯಿತು. ತಪ್ಪನ್ನು ಇಷ್ಟು ಬಿಚ್ಚಿ ಒಪ್ಪಿಕೊಳ್ಳುವ ಡಾಕ್ಟರು ಜಿಲ್ಲೆಯಲ್ಲಿ ಇನ್ನೊಬ್ಬರಿದ್ದಾರೆಯೇ ಎಂಬ ಯೋಚನೆ ಆಗಲೇ ತಲೆಯಲ್ಲಿ ಸುಳಿಯತೊಡಗಿತ್ತು. ಕೂಸು ಉಳಿಯಿತಲ್ಲ, ಇನ್ನು ಖುಷಿಯಾಗಿರವಾ ಎಂದು ನಾಹಿದಳ ಭುಜ ತಟ್ಟಿದೆ.

ಅವಳು ನನ್ನ ಕೈಯನ್ನು ಮೆಲ್ಲಗೆ ತೆಗೆದು ಕೆಳಗಿಟ್ಟಳು.

“ದಿನಾ ಅದರ ಕೂಡ ಮಾತಾಡ್ತಿದ್ದೆರೀ ನಾನು. ಶಾಲಿಗೆ ಹೋಗಾಗ, ರೊಟ್ಟಿ ಬಡಿಯಾಗ. ಶುಕ್ರವಾರದಿಂದ ಬಿಟ್ಟೀನಿ. ಹ್ಯಾಂಗೂ ಹೋಗೋದು, ಮಾತಾಡಿದ್ರ ಇನ್ನಷ್ಟು ಹಚ್ಕೊಂಡೀತು ಅಂತ. ನಿನ್ನಿ ಅದು ಮೊದಲ ಸಲ ಮಿಸುಕ್ಯಾಡಿತು. ಸುಮ್ನಿರು ಅಂತ ಬೈದೆ.” ಅವಳು ಹೊಟ್ಟೆಯ ಮೇಲೆ ಕೈ ಇಡಲು ಹೋಗಿ, ಇಡದೆ, ಹಾಗೇ ಮಡಿಲಿಗೆ ಹಾಕಿಕೊಂಡಳು. “ಈಗ ಮತ್ತ ಏನಂತ ಮಾತು ಶುರು ಮಾಡ್ಲಿ? ನೀವು ಓದಿದವ್ರು, ಅದನ್ನೂ ಹೇಳಿ ಹೋಗ್ರಿ.”

ಅವಳು ಕುಹಕಕ್ಕೆ ಕೇಳಿದ್ದಲ್ಲ. ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತ ಕಾದಳು.